ವಾರಂಟಿಯಲ್ಲಿ ಬದಲಿ ವಸ್ತು ಸಿಕ್ಕಾಗ: ಅದಕ್ಕೆ ವಾರಂಟಿ ಎಷ್ಟು ದಿನ, ಏನೇನು ಬರೆಸಿಕೊಳ್ಳಬೇಕು, ಮತ್ತೆ ಕೆಟ್ಟರೆ ಏನು ಮಾಡಬೇಕು

ಕೆಟ್ಟುಹೋದ ಫೋನಿಗೋ ಫ್ರಿಜ್ಜಿಗೋ ಯುಪಿಎಸ್ ಬ್ಯಾಟರಿಗೋ ಬದಲಾಗಿ ಕಂಪನಿ ಇನ್ನೊಂದನ್ನು ಕೊಟ್ಟರೆ ಹೆಚ್ಚಿನವರು ಕೆಲಸ ಮುಗಿಯಿತೆಂದು ನಿರಾಳರಾಗುತ್ತಾರೆ. ಏಳೆಂಟು ತಿಂಗಳಲ್ಲಿ ಆ ಬದಲಿ ವಸ್ತುವೂ ಕೈಕೊಟ್ಟಾಗ ಸಮಸ್ಯೆ ಎದುರಾಗುತ್ತದೆ. "ನಿಮ್ಮ ವಾರಂಟಿ ಮುಗಿದಿದೆ ಸರ್" ಎನ್ನುತ್ತಾರೆ ಸರ್ವಿಸ್ ಸೆಂಟರಿನವರು. "ನೀವೇ ಹೊಸದು ಕೊಟ್ಟು ವರ್ಷವೂ ಆಗಿಲ್ಲವಲ್ಲ" ಎಂದರೆ "ನಾವು ಲೆಕ್ಕ ಹಾಕೋದು ಹಳೇ ಬಿಲ್ಲಿನ ತಾರೀಖಿನಿಂದ" ಎಂಬ ಉತ್ತರ ಬರುತ್ತದೆ. ಯಾರ ಮಾತು ನಿಲ್ಲುತ್ತದೆ ಎಂಬುದು ಬಹುತೇಕ ಬದಲಿ ವಸ್ತು ಕೈಗೆ ಬಂದ ದಿನವೇ ತೀರ್ಮಾನವಾಗಿರುತ್ತದೆ. ಅಂದು ಏನನ್ನು ಬರೆಸಿಕೊಂಡಿರಿ, ಯಾವುದಕ್ಕೆ ಸಹಿ ಹಾಕಿದಿರಿ ಎಂಬುದೇ ಮುಖ್ಯ.

ಕಾನೂನು ಹೇಳುವುದು, ಕಾರ್ಡು ಹೇಳುವುದು

ಭಾರತದಲ್ಲಿ ಎಲ್ಲ ವಸ್ತುಗಳಿಗೂ ಇಂತಿಷ್ಟು ವರ್ಷ ವಾರಂಟಿ ಇರಲೇಬೇಕು ಎನ್ನುವ ಸಾಮಾನ್ಯ ಕಾನೂನಿಲ್ಲ. ವಾರಂಟಿ ಎಂದರೆ ಕಂಪನಿ ನಿಮಗೆ ಕೊಟ್ಟ ಲಿಖಿತ ಮಾತು. ಎಷ್ಟು ತಿಂಗಳು, ಯಾವ ಭಾಗಕ್ಕೆ, ಬದಲಿ ಕೊಟ್ಟ ಮೇಲೆ ಏನು ಎಂಬುದೆಲ್ಲ ಕಾರ್ಡಿನಲ್ಲಿರುತ್ತದೆ. ಬದಲಿ ವಸ್ತುವಿಗೆ ಹೊಸದಾಗಿ ಪೂರ್ತಿ ವಾರಂಟಿ ತಾನಾಗಿಯೇ ಸಿಗುತ್ತದೆ ಎಂಬ ನಂಬಿಕೆ ತಪ್ಪು. ಬಹುಪಾಲು ಕಾರ್ಡುಗಳಲ್ಲಿ ಬದಲಿ ವಸ್ತುವಿಗೆ ಮೂಲ ವಾರಂಟಿಯಲ್ಲಿ ಉಳಿದಿರುವ ಅವಧಿ ಮಾತ್ರ ಅನ್ವಯ ಎಂದಿರುತ್ತದೆ. ಕೆಲವು ಕಂಪನಿಗಳು ಕನಿಷ್ಠ ಅವಧಿಯೊಂದನ್ನು ಕೊಡುತ್ತವೆ. ಆಪಲ್‌ನ ಒಂದು ವರ್ಷದ ವಾರಂಟಿಯಲ್ಲಿ ಬದಲಿ ಸಾಧನಕ್ಕೆ ಉಳಿದ ಅವಧಿ ಅಥವಾ 90 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಸಿಗುತ್ತದೆ. ಕಾರ್ಡಿನಲ್ಲಿ ಈ ಬಗ್ಗೆ ಏನೂ ಇಲ್ಲದಿದ್ದರೆ ಬದಲಿಸಿದ ದಿನದಿಂದ ಪೂರ್ತಿ ವಾರಂಟಿ ಕೇಳಲು ನಿಮಗೆ ಒಳ್ಳೆಯ ಆಧಾರವಿದೆ. ಆದರೆ ಅದನ್ನು ಕೇಳಬೇಕಾದ್ದು ವಸ್ತು ಮತ್ತೆ ಕೆಟ್ಟಮೇಲಲ್ಲ, ಬದಲಿ ಪಡೆಯುವಾಗ.

ಇದು ಕಾರ್ಡಿನ ಮಾತಾಯಿತು. ಕಾರ್ಡು ಏನೇ ಹೇಳಲಿ, ಕಾನೂನು ಕೊಡುವ ಹಕ್ಕುಗಳು ಬೇರೆಯೇ ಇವೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಅಂಥ ಸರಕನ್ನೇ ಮಾರುವ ವ್ಯಾಪಾರಿಯಿಂದ ಕೊಂಡ ವಸ್ತು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಹಿಂತಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರು ಕೆಟ್ಟ ಮಾಲಿನ ಹೊಣೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ವಸ್ತು ಕೆಟ್ಟರೆ ವಾರಂಟಿ ಕಾರ್ಡಿನ ದಾರಿ ಹಿಡಿಯುವ ಮೊದಲು ಈ ದಾರಿಯನ್ನು ನೆನೆಯಿರಿ.

ಬದಲಿ ಕೊಡುತ್ತಿರುವವರು ಯಾರು

ಇದನ್ನು ಗಮನಿಸದೆ ಹೋಗುವವರೇ ಹೆಚ್ಚು. ಅಂಗಡಿಯವರು ಅಥವಾ ಆನ್‌ಲೈನ್ ಮಾರಾಟಗಾರರು ಮೊದಲ 7 ಅಥವಾ 10 ದಿನದಲ್ಲಿ ಬದಲಿಸಿ ಕೊಟ್ಟರೆ ಅದು ಮಾರಾಟವನ್ನೇ ಸರಿಪಡಿಸಿದಂತೆ. ಆಗ ಹಳೆಯ ಬಿಲ್ ರದ್ದು ಮಾಡಿಸಿ, ಹೊಸ ಸೀರಿಯಲ್ ನಂಬರ್ ಇರುವ ಹೊಸ ಬಿಲ್ ಕೇಳಿ. ಹೊಸ ಬಿಲ್ಲಿನ ತಾರೀಖಿನಿಂದ ವಾರಂಟಿ ಹೊಸದಾಗಿ ಶುರುವಾಗುತ್ತದೆ. ಹಲವು ಫೋನ್ ಕಂಪನಿಗಳ ವಿಷಯದಲ್ಲಿ ಅಂಗಡಿಯವರು ಬದಲಿ ಕೊಡುವ ಮೊದಲು, ಪೆಟ್ಟಿಗೆ ತೆರೆದಾಗಲೇ ಫೋನ್ ಕೆಟ್ಟಿತ್ತು ಎಂದು ಅಧಿಕೃತ ಸರ್ವಿಸ್ ಸೆಂಟರಿನ ಪತ್ರ ಕೇಳುತ್ತಾರೆ. ಈ ಪತ್ರ ಸಿಗುವ ಗಡುವು ತೀರಾ ಚಿಕ್ಕದು. ವಾರಾಂತ್ಯಕ್ಕೆ ಹೋದರಾಯಿತು ಎಂದು ತಡಮಾಡಿ ಬದಲಿ ಕಳೆದುಕೊಂಡು, ರಿಪೇರಿಗೆ ತೃಪ್ತಿಪಟ್ಟವರು ಬಹಳ.

ಆ ಗಡುವು ದಾಟಿದ ಮೇಲೆ ಬದಲಿ ಕೊಡುವುದು ಕಂಪನಿ, ವಾರಂಟಿಯ ಅಡಿಯಲ್ಲಿ. ಆಗ ಹೊಸ ಬಿಲ್ ಇರುವುದಿಲ್ಲ, ಹಳೆಯ ಬಿಲ್ಲಿನ ತಾರೀಖೇ ಚಾಲ್ತಿಯಲ್ಲಿರುತ್ತದೆ.

ಆನ್‌ಲೈನ್ ಖರೀದಿಯಾದರೆ 2020ರ ಇ-ವಾಣಿಜ್ಯ ನಿಯಮಗಳು ನಿಮ್ಮ ಬೆನ್ನಿಗಿವೆ. ಪ್ರತಿ ವೇದಿಕೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ಅವರು ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪಿನ ಚಾಟಿನಲ್ಲಿ ದಿನಗಟ್ಟಲೆ ಗುದ್ದಾಡುವುದಕ್ಕಿಂತ ಆ ಅಧಿಕಾರಿಗೆ ಒಂದು ಇಮೇಲ್ ಹಾಕುವುದು ಲೇಸು.

ವಸ್ತುವನ್ನು ಒಪ್ಪಿಸುವ ಮೊದಲು

ಕೆಟ್ಟಿರುವುದನ್ನು ವಿಡಿಯೊ ಮಾಡಿ. ಸೀರಿಯಲ್ ನಂಬರಿನಿಂದ ಶುರುಮಾಡಿ, ಕತ್ತರಿಸದೆ, ದೋಷ ಕಾಣುವವರೆಗೂ ಒಂದೇ ಓಟದಲ್ಲಿ ತೆಗೆಯಿರಿ. ಫ್ರಿಜ್, ವಾಷಿಂಗ್ ಮಷೀನಿನ ನಂಬರ್ ಹಿಂಬದಿಯ ಅಥವಾ ಬಾಗಿಲಿನ ಒಳಬದಿಯ ಚೀಟಿಯಲ್ಲಿ ಇರುತ್ತದೆ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಬ್ಯಾಟರಿಯ ನಂಬರನ್ನು ಮೇಲ್ಭಾಗದಲ್ಲಿ ಒತ್ತಿರುತ್ತಾರೆ ಅಥವಾ ಅಂಟಿಸಿರುತ್ತಾರೆ.

ದೂರನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ದೂರಿನ ಸಂಖ್ಯೆ ಎಸ್ಎಂಎಸ್ಸಿನಲ್ಲಿ ಬರುವವರೆಗೆ ಕಾಯಿರಿ. ವಾರಂಟಿ ಮುಗಿಯುವ ಹೊಸ್ತಿಲಲ್ಲಿದ್ದರೆ ಇದು ಇನ್ನೂ ಮುಖ್ಯ. 2025ರ ಜೂನ್ 15ರಂದು ಕೊಂಡ ವಸ್ತುವಿನ ಒಂದು ವರ್ಷದ ವಾರಂಟಿ ಕಂಪನಿಯ ಕಂಪ್ಯೂಟರಿನಲ್ಲಿ 2026ರ ಜೂನ್ 14ಕ್ಕೆ ಮುಗಿಯುತ್ತದೆ. ದೂರು ಅಂದೇ ದಾಖಲಾಗಿದ್ದರೆ ತಂತ್ರಜ್ಞರು ವಾರ ಬಿಟ್ಟು ಬಂದರೂ ನಿಮ್ಮ ಹಕ್ಕು ಉಳಿಯುತ್ತದೆ, ಏಕೆಂದರೆ ದೋಷ ತಿಳಿಸಿದ್ದು ಅವಧಿಯೊಳಗೆ.

ಸರ್ವಿಸ್ ಸೆಂಟರಿನವರು ದೂರು ಬರೆದುಕೊಡುವ ಜಾಬ್ ಶೀಟಿನಲ್ಲಿ ದೋಷದ ವಿವರ ಬರೆಯುವ ಜಾಗವನ್ನು ನೀವೇ ಓದಿ. "ಚೆಕ್ ಮಾಡಬೇಕು" ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. "ಫ್ರೀಜರಿನಲ್ಲಿ ಐಸ್ ಕಟ್ಟುತ್ತಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಮೂರನೇ ಸಲ ದೂರು" ಎಂಬಂತೆ ಬರೆಸಿ. ಹೊರಮೈಯ ಸ್ಥಿತಿಯ ಜಾಗದಲ್ಲಿ ಗೀರು, ಒಡಕು ಇಲ್ಲ ಎಂದು ಬರೆಸದಿದ್ದರೆ ಮುಂದೆ "ಬಿದ್ದು ಒಡೆದಿದೆ" ಎಂಬ ತಕರಾರು ಬರಬಹುದು.

ವಾರಂಟಿ ನಿರಾಕರಿಸಲು ಹೇಳುವ ಕಾರಣಗಳು ಹೆಚ್ಚು ಕಡಿಮೆ ಇವೇ: ನೀರು ಹೋಗಿದೆ, ವೋಲ್ಟೇಜ್ ಏರುಪೇರಾಗಿದೆ, ಹಲ್ಲಿಯೋ ಇಲಿಯೋ ಒಳಹೊಕ್ಕು ಬೋರ್ಡ್ ಸುಟ್ಟಿದೆ, ಹೊರಗಿನವರು ಬಿಚ್ಚಿದ್ದಾರೆ. ಯಾವುದೇ ಕಾರಣ ಹೇಳಲಿ, ಬರಹದಲ್ಲಿ ಮತ್ತು ಫೋಟೊ ಸಮೇತ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಪ್ರಶ್ನಿಸುವುದು ಕಷ್ಟ.

ಬದಲಿ ಕೈಗೆ ಬರುವ ಹೊತ್ತು

ಇಡೀ ವ್ಯವಹಾರದಲ್ಲಿ ನಿಮ್ಮ ಮಾತಿಗೆ ಹೆಚ್ಚು ತೂಕವಿರುವುದು ಈಗ. ಹಳೆಯ ವಸ್ತು ಇನ್ನೂ ನಿಮ್ಮ ಬಳಿ ಇದೆ, ದೂರು ಮುಚ್ಚಲು ಅವರಿಗೆ ನಿಮ್ಮ ಒಪ್ಪಿಗೆ ಬೇಕು. ಅನೇಕ ಕಂಪನಿಗಳಲ್ಲಿ ತಂತ್ರಜ್ಞರು ದೂರು ಮುಗಿಸಲು ನಿಮ್ಮ ಫೋನಿಗೆ ಬಂದ ಒಟಿಪಿ ಕೇಳುತ್ತಾರೆ. ಆ ಸಂಖ್ಯೆ ಹೇಳುವುದೆಂದರೆ "ನನ್ನ ದೂರು ಬಗೆಹರಿದಿದೆ" ಎಂದು ಸಹಿ ಹಾಕಿದಂತೆ. ಪೆಟ್ಟಿಗೆ ಬಿಚ್ಚಿ, ಜೋಡಿಸಿ, ಓಡಿಸಿ ನೋಡುವವರೆಗೆ ಅದನ್ನು ಹೇಳಬೇಡಿ. "ಆಮೇಲೆ ಏನಾದ್ರೂ ಇದ್ರೆ ಕಾಲ್ ಮಾಡಿ, ಈಗ ಒಟಿಪಿ ಹೇಳಿ ಮೇಡಂ, ಟಾರ್ಗೆಟ್ ಇದೆ" ಎಂದರೂ ವಿನಯವಾಗಿಯೇ ನಿಲ್ಲಿಸಿ. ಅವರ ಕಷ್ಟ ನಿಜವಿರಬಹುದು, ಆದರೆ ಮುಚ್ಚಿದ ದೂರನ್ನು ಮತ್ತೆ ತೆರೆಸುವ ಪಾಡು ನಿಮ್ಮದಾಗುತ್ತದೆ.

ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಮೊಹರು ಮುರಿದಿದೆಯೇ, ಪೆಟ್ಟಿಗೆಯ ಸೀರಿಯಲ್ ನಂಬರೂ ಒಳಗಿನದೂ ಒಂದೇ ಆಗಿವೆಯೇ ನೋಡಿ. ಕೆಲವು ಕಾರ್ಡುಗಳಲ್ಲಿ ಬದಲಿ ವಸ್ತು ಹೊಸದು ಅಥವಾ ದುರಸ್ತಿ ಮಾಡಿ ಹೊಸದರಂತಾಗಿಸಿದ್ದು ಆಗಿರಬಹುದು ಎಂದಿರುತ್ತದೆ. ಅಂಥದ್ದು ಬಂದರೆ ಅದು ಯಾವುದೆಂದು ಬರೆದುಕೊಡಲು ಕೇಳಿ. ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಡಿ ಬದಲಿಗೆ ಆದೇಶಿಸುವಾಗ ಕಾಯ್ದೆಯ ಮಾತು ಸ್ಪಷ್ಟವಾಗಿದೆ: ಅದೇ ಬಗೆಯ, ಯಾವ ದೋಷವೂ ಇಲ್ಲದ, ಹೊಸ ವಸ್ತು. ಕೊಂಡ ಎರಡೇ ತಿಂಗಳಲ್ಲಿ ಕೆಟ್ಟದ್ದಕ್ಕೆ ಹಳೆಯದನ್ನು ಒರೆಸಿ ಕೊಟ್ಟರೆ ಒಪ್ಪಬೇಕಾಗಿಲ್ಲ. ಒಪ್ಪಲೇಬೇಕಾದ ತುರ್ತಿದ್ದರೆ ರಸೀದಿಯ ಮೇಲೆ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಎಂದು ಬರೆದು ಸಹಿ ಮಾಡಿ.

ಹಣ ಕೇಳಿದರೆ ಯಾವುದಕ್ಕೆಂದು ಕೇಳಿ. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿದ ಬಿಡಿಭಾಗಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2023ರ ಜುಲೈ 17ರ ಸುತ್ತೋಲೆಯಲ್ಲಿ ಹೇಳಿದೆ. ಇಡೀ ವಸ್ತುವನ್ನೇ ಬದಲಿಸಿದರೂ ಅದೇ ನಿಯಮ ಎಂದು 2024ರ ಜೂನ್ 26ರ ಸುತ್ತೋಲೆ ಸ್ಪಷ್ಟಪಡಿಸಿದೆ. ವಾರಂಟಿಗೆ ಸೇರದ ಭಾಗಕ್ಕೋ ಕೂಲಿಗೋ ಹಣ ಪಡೆದರೆ ಅಷ್ಟಕ್ಕೆ ತೆರಿಗೆ ಇರುತ್ತದೆ, ಅದಕ್ಕೆ ಬಿಲ್ ಸಿಗಬೇಕು.

ಇನ್ನು ಬರೆಸಿಕೊಳ್ಳಬೇಕಾದ ಪತ್ರ. ಸರ್ವಿಸ್ ಸೆಂಟರಿನ ಲೆಟರ್‌ಹೆಡ್ಡಿನಲ್ಲಿ ಅಥವಾ ಕಂಪನಿಯ ಇಮೇಲಿನಲ್ಲಿ ಇಷ್ಟಿರಲಿ:

"ಬಿಲ್ ಸಂಖ್ಯೆ ___, ದಿನಾಂಕ ___ ರಂದು ಖರೀದಿಸಿದ, ಸೀರಿಯಲ್ ನಂಬರ್ ___ ಇರುವ ವಸ್ತುವಿನಲ್ಲಿ ___ ದೋಷ ಕಂಡುಬಂದಿದ್ದರಿಂದ, ದೂರು ಸಂಖ್ಯೆ ___ ರ ಮೇರೆಗೆ, ದಿನಾಂಕ ___ ರಂದು ಸೀರಿಯಲ್ ನಂಬರ್ ___ ಇರುವ ಹೊಸ ವಸ್ತುವನ್ನು ಉಚಿತವಾಗಿ ಬದಲಿಸಿ ಕೊಡಲಾಗಿದೆ. ಈ ವಸ್ತುವಿಗೆ ವಾರಂಟಿ ___ ರವರೆಗೆ ಇರುತ್ತದೆ."

ಕೊನೆಯ ವಾಕ್ಯ ಬರೆಯಲು ಅವರು ಹಿಂಜರಿಯಬಹುದು. ಆಗ ಅಂದೇ ಸಂಜೆ ಕಂಪನಿಯ ಗ್ರಾಹಕ ಸೇವೆಗೆ ನೀವೇ ಇಮೇಲ್ ಮಾಡಿ: ಬದಲಿಯ ವಿವರ ಬರೆದು, ವಾರಂಟಿ ಯಾವ ತಾರೀಖಿನವರೆಗೆ ಎಂದು ನಿಮಗೆ ತಿಳಿಸಿದ್ದಾರೋ ಅದನ್ನು ನಮೂದಿಸಿ, ತಪ್ಪಿದ್ದರೆ ತಿದ್ದಿ ಉತ್ತರಿಸಿ ಎಂದು ಕೇಳಿ. ಉತ್ತರ ಬಾರದಿದ್ದರೂ ಆ ಇಮೇಲ್ ನಿಮ್ಮ ದಾಖಲೆ. ಕಂಪನಿಯ ಜಾಲತಾಣದಲ್ಲಿ ಹೊಸ ಸೀರಿಯಲ್ ನಂಬರನ್ನು ನೋಂದಾಯಿಸಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಫೋನಿನ ವಿಷಯದಲ್ಲಿ ಈ ಪತ್ರ ಇನ್ನೂ ಅಗತ್ಯ. ಬಿಲ್ಲಿನಲ್ಲಿ ಹಳೆಯ ಐಎಂಇಐ, ಕೈಯಲ್ಲಿ ಹೊಸದು. ನಾಳೆ ಫೋನ್ ಕಳೆದುಹೋಗಿ ಪೊಲೀಸರಿಗೆ ದೂರು ಕೊಡುವಾಗ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನ್ ಬ್ಲಾಕ್ ಮಾಡಿಸುವಾಗ, ವಿಮೆ ಕೇಳುವಾಗ ಈ ಎರಡನ್ನೂ ಕೊಂಡಿ ಹಾಕುವುದು ಆ ಪತ್ರ ಒಂದೇ.

ಹಣ ಕೊಟ್ಟು ಪಡೆದ ಹೆಚ್ಚುವರಿ ವಾರಂಟಿ ಇದ್ದರೆ ಅದೂ ಹಳೆಯ ಸೀರಿಯಲ್ ನಂಬರಿಗೇ ಅಂಟಿಕೊಂಡಿರುತ್ತದೆ. ತಾನಾಗಿ ಹೊಸದಕ್ಕೆ ವರ್ಗವಾಗುವುದಿಲ್ಲ. ಅದನ್ನು ಕೊಟ್ಟವರಿಗೆ ಬದಲಿ ಪತ್ರ ಕಳಿಸಿ ನಂಬರ್ ಬದಲಿಸಿಕೊಳ್ಳಿ.

ಬ್ಯಾಟರಿ ಮತ್ತು ಫ್ರಿಜ್: ಲೆಕ್ಕ ತಪ್ಪುವುದು ಇಲ್ಲಿ

ಇನ್ವರ್ಟರ್ ಬ್ಯಾಟರಿಯ ವಾರಂಟಿಯನ್ನು ಸಾಮಾನ್ಯವಾಗಿ ಎರಡು ತುಂಡಾಗಿ ಹೇಳುತ್ತಾರೆ. 36+24 ಎಂದಿದ್ದರೆ ಮೊದಲ 36 ತಿಂಗಳು ಉಚಿತ ಬದಲಿ, ನಂತರದ 24 ತಿಂಗಳು ರಿಯಾಯಿತಿ ದರದಲ್ಲಿ ಬದಲಿ. ಅಂಗಡಿಯಲ್ಲಿ "ಐದು ವರ್ಷ ವಾರಂಟಿ" ಎಂದು ಮಾರುವುದು ಇದನ್ನೇ.

2023ರ ಏಪ್ರಿಲ್ 10ರಂದು ಕೊಂಡ ಬ್ಯಾಟರಿ 2025ರ ಮಾರ್ಚಿನಲ್ಲಿ ಕೆಟ್ಟು ಉಚಿತ ಬದಲಿ ಸಿಕ್ಕಿತು ಎನ್ನೋಣ. ಉಳಿದ ಅವಧಿ ಮಾತ್ರ ಎಂಬ ಷರತ್ತಿದ್ದರೆ ಹೊಸ ಬ್ಯಾಟರಿಯ ಉಚಿತ ಬದಲಿ ಹಕ್ಕು 2026ರ ಏಪ್ರಿಲ್ 9ಕ್ಕೇ ಕೊನೆ, ಅಂದರೆ ಸುಮಾರು 13 ತಿಂಗಳು. ಆಮೇಲೆ 2028ರ ಏಪ್ರಿಲ್ 9ರವರೆಗೆ ರಿಯಾಯಿತಿ. ಈ ರಿಯಾಯಿತಿಯಲ್ಲೊಂದು ಸೂಕ್ಷ್ಮವಿದೆ. ಅದನ್ನು ಬಹುತೇಕ ಆ ದಿನದ ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ. ಎಂಆರ್‌ಪಿ 18,000 ರೂಪಾಯಿ, ರಿಯಾಯಿತಿ ಶೇ 30 ಎಂದರೆ ನೀವು ಕೊಡುವುದು 12,600. ಅದೇ ಬ್ಯಾಟರಿಯನ್ನು ಅಂಗಡಿಯಲ್ಲಿ ಮಾಮೂಲಾಗಿ 14,500ಕ್ಕೆ ಮಾರುತ್ತಿದ್ದು, ಹಳೇ ಬ್ಯಾಟರಿಗೆ 2,500 ಕಳೆಯುವುದಾದರೆ ಹೊಸದು 12,000ಕ್ಕೇ ಸಿಗುತ್ತದೆ, ಅದೂ ಪೂರ್ತಿ ವಾರಂಟಿಯೊಂದಿಗೆ! ವಾರಂಟಿಯಲ್ಲಿ ಕೊಟ್ಟ ಹಳೇ ಬ್ಯಾಟರಿ ಕಂಪನಿಯ ಪಾಲಾಗುತ್ತದೆ ಎಂಬುದನ್ನೂ ಸೇರಿಸಿ ಲೆಕ್ಕ ಹಾಕಿ. ಎರಡೂ ಮೊತ್ತ ಕೇಳದೆ ರಿಯಾಯಿತಿಗೆ ಒಪ್ಪಬೇಡಿ. ರಿಯಾಯಿತಿಯಲ್ಲೇ ಕೊಂಡರೆ ನೀವು ಹಣ ಕೊಟ್ಟಿದ್ದೀರಿ, ಅದಕ್ಕೆ ಹೊಸ ಬಿಲ್ ಮತ್ತು ಹೊಸ ವಾರಂಟಿ ಕೇಳಿ.

ಪರೀಕ್ಷೆ ಮಾಡುವಾಗ ಪಕ್ಕದಲ್ಲಿರಿ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ಲುಗಳು. ಪೂರ್ತಿ ಚಾರ್ಜ್ ಮಾಡಿ, ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಂದೊಂದನ್ನೂ ಅಳೆದಾಗ ಐದು 1.240ರ ಆಸುಪಾಸು ತೋರಿಸಿ ಒಂದು ಮಾತ್ರ 1.180ಕ್ಕೆ ಕುಸಿದಿದ್ದರೆ ಆ ಸೆಲ್ ಸತ್ತಿದೆ. ಸಾಮಾನ್ಯವಾಗಿ 0.050ಕ್ಕಿಂತ ಹೆಚ್ಚಿನ ಅಂತರವನ್ನು ದೋಷವೆಂದು ಎಣಿಸುತ್ತಾರೆ. ಆರೂ ಒಟ್ಟಿಗೆ ಕಡಿಮೆಯಿದ್ದರೆ ಚಾರ್ಜೇ ಸರಿಯಾಗಿ ಆಗುತ್ತಿಲ್ಲ, ಇನ್ವರ್ಟರನ್ನು ನೋಡಬೇಕು. ಆರೂ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಲ್ಲಿ ನೀರು ಅಥವಾ ಬೋರ್‌ವೆಲ್ ನೀರು ಹಾಕಿದ್ದೀರೆಂದು ವಾರಂಟಿ ತಳ್ಳಿಹಾಕುವುದು ಸಾಮಾನ್ಯ, ಆದ್ದರಿಂದ ಡಿಸ್ಟಿಲ್ಡ್ ವಾಟರ್ ಕೊಂಡ ರಸೀದಿಯನ್ನು ಎಸೆಯಬೇಡಿ.

ಫ್ರಿಜ್ಜಿನಲ್ಲಿ ಒಂದು ವರ್ಷ ಪೂರ್ತಿ ವಾರಂಟಿ, ಕಂಪ್ರೆಸರಿಗೆ ಹತ್ತು ವರ್ಷ ಎಂಬುದು ಸಾಮಾನ್ಯ. ಮೊದಲ ವರ್ಷದ ನಂತರ ಕಂಪ್ರೆಸರ್ ಉಚಿತವಾದರೂ ಗ್ಯಾಸ್ ತುಂಬುವುದು, ಕೂಲಿ, ಸಾಗಣೆ ನಿಮ್ಮ ತಲೆಗೇ ಬರುವ ಕಾರ್ಡುಗಳೇ ಜಾಸ್ತಿ. ಇಡೀ ಫ್ರಿಜ್ ಬದಲಾದರೆ ಕಂಪ್ರೆಸರಿನ ಹತ್ತು ವರ್ಷ ಯಾವ ತಾರೀಖಿನಿಂದ ಎಂಬುದನ್ನು ಪತ್ರದಲ್ಲಿ ಬೇರೆಯಾಗಿಯೇ ನಮೂದಿಸಿಸಿ.

ಅದೇ ಮಾದರಿ ಈಗ ಬರುತ್ತಿಲ್ಲ, ಬಿಡಿಭಾಗವೂ ಇಲ್ಲ ಎಂದಾಗ ಸವಕಳಿ ಕಳೆದು ಹಣ ಕೊಡುತ್ತೇವೆ ಎನ್ನುತ್ತಾರೆ. ಯಾವ ವರ್ಷಕ್ಕೆ ಎಷ್ಟು ಸವಕಳಿ ಎಂಬ ಕೋಷ್ಟಕ ಕೊಳ್ಳುವಾಗ ಕೊಟ್ಟ ಕಾರ್ಡಿನಲ್ಲಿತ್ತೇ ನೋಡಿ. ಇರದಿದ್ದರೆ ಈಗ ತಂದು ತೋರಿಸುವ ಲೆಕ್ಕಕ್ಕೆ ನೀವು ಕಟ್ಟುಬೀಳಬೇಕಿಲ್ಲ. ಅದೇ ಸಾಮರ್ಥ್ಯದ ಅಥವಾ ಮೇಲ್ದರ್ಜೆಯ ಮಾದರಿಯನ್ನು ಹೆಚ್ಚುವರಿ ಹಣವಿಲ್ಲದೆ ಕೇಳಿ.

ಬದಲಿಯೂ ಕೆಟ್ಟರೆ

ಮೂರನೆಯದನ್ನು ಕೇಳುವ ಮೊದಲು ಹಣ ವಾಪಸ್ ಕೇಳಿ. ಒಂದೇ ದೋಷ ಎರಡು ವಸ್ತುಗಳಲ್ಲಿ ಕಂಡರೆ ಅದು ತಯಾರಿಕೆಯ ದೋಷ ಎನ್ನಲು ಬಲವಾದ ಸೂಚನೆ. 39ನೇ ಕಲಮಿನಡಿ ಆಯೋಗವು ಬೆಲೆಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸಲು, ಜೊತೆಗೆ ಪರಿಹಾರ ಕೊಡಲು ಆದೇಶಿಸಬಹುದು. ಆದರೆ ಏನು ಕೇಳುತ್ತೀರಿ ಎಂಬುದಕ್ಕೆ ಕಾರ್ಡಿನ ಒಕ್ಕಣೆಯೂ ಲೆಕ್ಕಕ್ಕೆ ಬರುತ್ತದೆ. 2006ರ ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್ಗೋತ್ರಾ ಪ್ರಕರಣದಲ್ಲಿ, ವಾರಂಟಿಯು ದೋಷವಿರುವ ಭಾಗ ಬದಲಿಸುವುದನ್ನಷ್ಟೇ ಹೇಳಿದ್ದರಿಂದ ಇಡೀ ಕಾರನ್ನು ಬದಲಿಸುವ ಆದೇಶ ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ದೂರಿನಲ್ಲಿ ಬದಲಿ, ಇಲ್ಲವೇ ಹಣ ವಾಪಸ್, ಇಲ್ಲವೇ ದೋಷಭಾಗದ ಬದಲಿಯೊಂದಿಗೆ ಪರಿಹಾರ ಎಂದು ಮೂರನ್ನೂ ಕ್ರಮವಾಗಿ ಕೇಳಿ.

ಮೊದಲು ಕಂಪನಿಗೂ ಅಂಗಡಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ 15 ದಿನ ಕೊಡಿ. ಈ 15 ದಿನ ರೂಢಿಯಷ್ಟೇ, ಕಾಯ್ದೆಯ ಕಟ್ಟಳೆಯಲ್ಲ. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ಅಷ್ಟಕ್ಕೇ ಎಷ್ಟೋ ದೂರುಗಳು ಬಗೆಹರಿಯುತ್ತವೆ.

ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ವಸ್ತುವಿಗೆ ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಅಲ್ಲಿಗೆ. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹೂಡಬಹುದು, ಕಂಪನಿ ಗುರುಗ್ರಾಮದಲ್ಲಿದ್ದರೂ ರಾಯಚೂರಿನವರು ರಾಯಚೂರಿನಲ್ಲೇ. ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರನ್ನಾಗಿಸಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ.

ವ್ಯಾಪಾರಕ್ಕಾಗಿ ಕೊಂಡ ವಸ್ತುವಿಗೆ ಈ ಕಾಯ್ದೆ ಅನ್ವಯಿಸದು, ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲು ಕೊಂಡು ತಾನೇ ಬಳಸುವವರಿಗೆ ಅನ್ವಯಿಸುತ್ತದೆ. ಹೊಲಿಗೆ ಯಂತ್ರ ಕೊಂಡ ಟೈಲರ್, ಜೆರಾಕ್ಸ್ ಯಂತ್ರ ಕೊಂಡ ಸಣ್ಣ ಅಂಗಡಿಯವರು ಇದನ್ನು ದೂರಿನ ಮೊದಲ ಪುಟದಲ್ಲೇ ಹೇಳಬೇಕು.

ದೂರು ಹೂಡಲು ಗಡುವು ಎರಡು ವರ್ಷ, ಅದೇ ಕಾಯ್ದೆಯ 69ನೇ ಕಲಮು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎಣಿಕೆ. ಬದಲಿ ವಸ್ತು ಕೆಟ್ಟದ್ದು ಅಥವಾ ಕಂಪನಿ ನಿರಾಕರಿಸಿದ್ದು ಯಾವಾಗ ಎಂಬುದಕ್ಕೆ ದಾಖಲೆ ಬೇಕಾಗುವುದು ಇದಕ್ಕೇ. "ನೋಡ್ತೀವಿ ಸರ್" ಎಂಬ ಇಮೇಲುಗಳು ಬರುತ್ತಿವೆ ಎಂದು ಕಾದು ಕುಳಿತರೆ ಗಡುವು ನಿಲ್ಲುವುದಿಲ್ಲ.

ಆಯೋಗದ ನೋಟಿಸ್ ತಲುಪಿದ ಮೇಲೆ ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. 45 ದಿನದಾಚೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದೋಷ ಕಣ್ಣಿಗೆ ಕಾಣುವಂತಿಲ್ಲದಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ನಿಮ್ಮಿಂದ ಕಟ್ಟಿಸಬಹುದು. ಹಾಗಾಗಿ ವ್ಯಾಜ್ಯ ಮುಗಿಯುವವರೆಗೆ ಕೆಟ್ಟ ವಸ್ತುವನ್ನು ಗುಜರಿಗೆ ಹಾಕಬೇಡಿ, ಹೊರಗೆ ರಿಪೇರಿಯನ್ನೂ ಮಾಡಿಸಬೇಡಿ. ಪರೀಕ್ಷೆ ಬೇಕಿಲ್ಲದ ಪ್ರಕರಣ 3 ತಿಂಗಳಲ್ಲಿ, ಬೇಕಿದ್ದರೆ 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ನಡೆಯುವಾಗ ಹೆಚ್ಚು ಕಾಲ ಹಿಡಿಯುತ್ತದೆ.

ಆದೇಶ ನಿಮ್ಮ ಪರ ಬಂದರೆ ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಆದರೆ ಹಣ ಕೊಡುವ ಆದೇಶವಿದ್ದರೆ ಅದರ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಪಾಲನೆಯೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಆದೇಶ ಜಾರಿಗೆ ಅರ್ಜಿ ಹಾಕಿ. 72ನೇ ಕಲಮಿನಡಿ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು.